ಕರುಳಿನ ನಳಿಕೆಗಳು ಮತ್ತು ಒಂದು ಚಮಚ ಪಾದೋದಕ

ಶರೀರವನ್ನು ಶಿವನ ಮನೆಯೆಂದು ಗೌರವಿಸಿದ ಪರಂಪರೆ ನಮ್ಮದು. ಆದರೆ ಆ ಮನೆಯ ಒಳಕೋಣೆಗಳಲ್ಲಿ ನಡೆಯುವ ನಿತ್ಯವ್ಯಾಪಾರದ ತಿಳಿವಳಿಕೆ ನಮ್ಮ ಕುಟುಂಬಗಳಲ್ಲಿ ಅಷ್ಟಕ್ಕಷ್ಟೇ. ಇದನ್ನು ದೂಷಣೆಯಾಗಿ ಹೇಳುತ್ತಿಲ್ಲ. ಹೊಟ್ಟೆಯೊಳಗಿನದು ಕಣ್ಣಿಗೆ ಕಾಣದು. ನೋವು ಬರುವ ತನಕ ಅದರ ಗೊಡವೆ ಯಾರಿಗೂ ಬೇಡ. ಮನೆಯ ಹಿರಿಯರೊಬ್ಬರಿಗೆ ಕರುಳಿನ ಶಸ್ತ್ರಕ್ರಿಯೆಯಾಗಿ, ಮೂಗಿನಲ್ಲೊಂದು, ಹೊಟ್ಟೆಯಲ್ಲೊಂದು ನಳಿಕೆಯೊಡನೆ ಅವರು ಮಂಚದ ಮೇಲೆ ಮಲಗಿರುವುದನ್ನು ಕಂಡಾಗಲೇ ಮನೆಮಂದಿಗೆ ದಿಗಿಲು ಹುಟ್ಟುವುದು. ಅಂತಹ ಸಮಯದಲ್ಲಿ ನಮ್ಮ ಬಳಿಗೆ ಬರುವ ಭಕ್ತರು ಶಸ್ತ್ರಕ್ರಿಯೆಯ ವಿಷಯವನ್ನು ಕೇಳುವುದು ಕಡಿಮೆ. ಕೇಳುವುದೆಲ್ಲ ನಳಿಕೆಗಳ ವಿಷಯ. ಮೂಗಿಗೆ ನಳಿಕೆ ಹಾಕಿದ ಮೇಲೆ ಮನುಷ್ಯ ಉಳಿಯುವನೇ, ನಳಿಕೆಯಿಂದ ಹಸಿರು ನೀರು ಬರುತ್ತಿದೆಯಲ್ಲ ಅದೇನು ವಿಷವೇ, ಅಪ್ಪನವರಿಗೆ ಪಾದೋದಕವನ್ನಾದರೂ ಕೊಡಬಹುದೇ, ಲಿಂಗಪೂಜೆ ಹೇಗೆ ಮಾಡಿಸುವುದು ಎಂಬಿವೇ ಪ್ರಶ್ನೆಗಳು. ನಾವು ಮಠದಲ್ಲಿ ಓದಿದವರು, ವೈದ್ಯರಲ್ಲ. ಆದರೆ ವೈದ್ಯರನ್ನು ಕೇಳಿ, ಅವರ ಗ್ರಂಥಗಳನ್ನು ಓದಿ ತಿಳಿದುದನ್ನು ನಮ್ಮವರ ಮಾತಿನಲ್ಲಿ ಹೇಳುವುದು ನಮ್ಮ ಕಾಯಕವೇ ಆಗಿದೆ.

ಕರುಳಿಗೆ ಕತ್ತರಿ ಹಾಕಬೇಕಾದ ಸಂದರ್ಭಗಳು ನಮ್ಮ ನಾಡಿನಲ್ಲಿ ಅಪರೂಪವಲ್ಲ. ವಿಷಮಶೀತ ಜ್ವರ, ಎಂದರೆ ಟೈಫಾಯಿಡ್, ಎರಡು ಮೂರು ವಾರಗಳಿಗೆ ತಲುಪಿದಾಗ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹುಣ್ಣಾಗಿ ತೂತು ಬೀಳುವುದುಂಟು. ಕ್ಷಯರೋಗ ಶ್ವಾಸಕೋಶಕ್ಕೆ ಮಾತ್ರ ಬರುವುದೆಂದು ಬಹಳ ಜನ ತಿಳಿದಿದ್ದಾರೆ. ಅದು ಕರುಳಿಗೂ ತಗುಲಿ ದಾರಿಯನ್ನೇ ಕಿರಿದಾಗಿಸಬಲ್ಲದು. ಅಂಡವಾಯುವಿನಲ್ಲಿ ಕರುಳು ಸಿಕ್ಕಿಕೊಳ್ಳುವುದು, ಹಿಂದಿನ ಶಸ್ತ್ರಕ್ರಿಯೆಯ ಕಲೆಯಿಂದ ಕರುಳುಗಳು ಒಂದಕ್ಕೊಂದು ಅಂಟಿಕೊಳ್ಳುವುದು, ಅರ್ಬುದ ರೋಗ ಹೀಗೆ ಕಾರಣಗಳು ಹಲವು. ಕೆಟ್ಟ ಭಾಗವನ್ನು ತೆಗೆದು ಉಳಿದೆರಡು ತುದಿಗಳನ್ನು ಹೊಲಿದು ಕೂಡಿಸುವುದು ಶಸ್ತ್ರವೈದ್ಯರ ಕೆಲಸ. ಆ ಹೊಲಿಗೆ ಗಟ್ಟಿಯಾಗುವ ತನಕದ ದಿನಗಳೇ ನಳಿಕೆಗಳ ದಿನಗಳು.

ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರ್, ದೊಡ್ಡ ಕರುಳಿನದು ಸುಮಾರು ಒಂದೂವರೆ ಮೀಟರ್. ಇಷ್ಟುದ್ದದ ಈ ಅವಯವವು ನಮ್ಮ ಇಚ್ಛೆಯನ್ನು ಕೇಳದೆ ಹಗಲಿರುಳು ಅಲೆಯಲೆಯಾಗಿ ಚಲಿಸುತ್ತಿರುತ್ತದೆ. ವೈದ್ಯರ ಕೈ ತಾಗಿದೊಡನೆ ಅದು ಮುನಿಸಿಕೊಂಡಂತೆ ಸ್ತಬ್ಧವಾಗುತ್ತದೆ. ಕೈ ತಾಗಿದ್ದರಿಂದಾಗುವ ಉರಿಯೂತ, ನೋವು ಶಮನಕ್ಕೆ ಕೊಡುವ ಅಫೀಮು ಜಾತಿಯ ಮದ್ದುಗಳು, ರಕ್ತದಲ್ಲಿ ಲವಣಗಳ ಏರುಪೇರು ಇವೆಲ್ಲ ಆ ಮುನಿಸಿಗೆ ಕಾರಣ. ಸಾಮಾನ್ಯವಾಗಿ ಸಣ್ಣ ಕರುಳು ಒಂದು ದಿನದೊಳಗೆ, ಜಠರ ಒಂದೆರಡು ದಿನಗಳಲ್ಲಿ, ದೊಡ್ಡ ಕರುಳು ಎರಡು ಮೂರು ದಿನಗಳಲ್ಲಿ ಮತ್ತೆ ಎಚ್ಚರಗೊಳ್ಳುತ್ತವೆ. ಬೆಳಗಿನ ಸುತ್ತಿನಲ್ಲಿ ವೈದ್ಯರು ಬಂದು ಎಲ್ಲರೆದುರು 'ಗಾಳಿ ಹೋಯಿತೇ?' ಎಂದು ಕೇಳಿದಾಗ ನಮ್ಮ ಹಿರಿಯರು ನಾಚಿ ಮುಖ ತಿರುಗಿಸುತ್ತಾರೆ. ನಾಚಬೇಕಾದುದಿಲ್ಲ. ಅಪಾನವಾಯು ಹೊರಟಿತೆಂದರೆ ದೊಡ್ಡ ಕರುಳು ಕೆಲಸಕ್ಕೆ ಮರಳಿತೆಂದು ಅರ್ಥ. ಆ ಹೊತ್ತಿನಲ್ಲಿ ಅದಕ್ಕಿಂತ ಶುಭವಾರ್ತೆ ಬೇರೊಂದಿಲ್ಲ.

ಕರುಳು ಮಲಗಿದರೂ ರಸಗಳು ಒಸರುವುದು ಪೂರ್ತಿ ನಿಲ್ಲುವುದಿಲ್ಲ. ಆರೋಗ್ಯವಂತನೊಬ್ಬನಲ್ಲಿ ಲಾಲಾರಸ, ಜಠರರಸ, ಪಿತ್ತ, ಮೇದೋಜೀರಕ ರಸ, ಕರುಳಿನ ಸ್ವಂತ ರಸ ಎಲ್ಲ ಸೇರಿ ದಿನವೊಂದಕ್ಕೆ 6ರಿಂದ 8 ಲೀಟರ್ ದ್ರವ ಒಸರುತ್ತದೆ. ಬಹುಪಾಲು ಕರುಳಿನಲ್ಲಿಯೇ ಮತ್ತೆ ಹೀರಲ್ಪಡುತ್ತದೆ. ಕರುಳು ಮುಂದಕ್ಕೆ ಸಾಗಿಸದಿದ್ದರೆ ಈ ದ್ರವ ಹಿಂದಕ್ಕೆ ನಿಂತು ಜಠರ ತುಂಬಿ, ಹೊಟ್ಟೆ ಉಬ್ಬಿ, ವಾಂತಿಯಾಗುತ್ತದೆ. ಅರೆಪ್ರಜ್ಞೆಯಲ್ಲಿರುವವನಿಗೆ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೆ ಮುಳುವಾದೀತು. ಇದನ್ನು ತಪ್ಪಿಸಲು ಮೂಗಿನಿಂದ ಗಂಟಲಿಗೆ, ಅಲ್ಲಿಂದ ಅನ್ನನಾಳದ ಮೂಲಕ ಜಠರಕ್ಕೆ ಇಳಿಸುವ ನಳಿಕೆಯೇ ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರ ಬಾಯಲ್ಲಿರುವ 'ರೈಲ್ಸ್ ಟ್ಯೂಬ್'. ಹಸಿರು ನೀರು ವಿಷವಲ್ಲ. ಪಿತ್ತ ಬೆರೆತ ಜಠರರಸ. ಅದು ಹೊರಗೆ ಬರುವುದರಿಂದಲೇ ರೋಗಿಗೆ ನೆಮ್ಮದಿ.

ಈ ರೈಲ್ ಎಂಬುವವರು ಯಾರೆಂಬ ಕುತೂಹಲ ನಮಗೆ ಬಹಳ ದಿನಗಳಿಂದ ಇತ್ತು. ಜಾನ್ ಆಲ್ಫ್ರೆಡ್ ರೈಲ್ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯರು. 1921ರಲ್ಲಿ ಜಠರರಸವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಪರೀಕ್ಷಿಸಲೆಂದು ಅವರು ಈ ಸಣ್ಣ ರಬ್ಬರ್ ನಳಿಕೆಯನ್ನು ಬಳಕೆಗೆ ತಂದರು. ಅದೇ ವರ್ಷ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಲೆವಿನ್ ಎಂಬ ವೈದ್ಯರೂ ಇಂಥದೇ ಒಂದನ್ನು ರೂಪಿಸಿದರು. ಪರೀಕ್ಷೆಗಾಗಿ ಹುಟ್ಟಿದ ನಳಿಕೆ ಚಿಕಿತ್ಸೆಗೆ ತಿರುಗಿದ್ದು 1930ರ ದಶಕದಲ್ಲಿ. ಮಿನ್ನೆಸೋಟ ವಿಶ್ವವಿದ್ಯಾನಿಲಯದ ಓವೆನ್ ವ್ಯಾಂಗೆನ್‌ಸ್ಟೀನ್ ಅವರು ಕರುಳಿನ ತಡೆಯುಳ್ಳ ರೋಗಿಗಳಿಗೆ ನಳಿಕೆಯಿಂದ ಸತತವಾಗಿ ರಸವನ್ನು ಹೀರಿ ತೆಗೆಯುವ ಕ್ರಮವನ್ನು ತಂದು ಅಸಂಖ್ಯ ಜೀವಗಳನ್ನು ಉಳಿಸಿದರು. ರೈಲ್ ಅವರು ಮುಂದೆ ನಳಿಕೆಯ ವಿಷಯವನ್ನು ಬಿಟ್ಟು, ಬಡತನಕ್ಕೂ ರೋಗಕ್ಕೂ ಇರುವ ನಂಟಿನ ಕಡೆ ಹೊರಳಿ, 1943ರಲ್ಲಿ ಆಕ್ಸ್‌ಫರ್ಡಿನಲ್ಲಿ ಸಾಮಾಜಿಕ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಆ ಹೊರಳು ನಮಗೆ ಬಹಳ ಮೆಚ್ಚಿಕೆಯಾಯಿತು. ಆದರೆ ಅದು ಬೇರೆಯೇ ಲೇಖನದ ವಸ್ತು.

ಉಪಕಾರಿಯಾದ ನಳಿಕೆ ಅಪಕಾರವನ್ನೂ ಮಾಡಬಲ್ಲದು. ಮೂಗಿನ ಹೊಳ್ಳೆಯ ಅಂಚಿಗೆ ಸದಾ ಒತ್ತಿಕೊಂಡಿರುವುದರಿಂದ ಅಲ್ಲಿ ಹುಣ್ಣಾಗುವುದು, ಮೂಗಿನಿಂದ ರಕ್ತ ಒಸರುವುದು, ಗಂಟಲು ಕೆರೆಯುವುದು, ಬಾಯಿ ಒಣಗುವುದು, ದಿನಗಳು ಹೆಚ್ಚಾದರೆ ಮೂಗಿನ ಪಕ್ಕದ ಕುಳಿಗಳಲ್ಲಿ ಸೋಂಕಾಗುವುದು ಇವು ಚಿಕ್ಕವು. ಅನ್ನನಾಳದ ಕೆಳಬಾಗಿಲನ್ನು ನಳಿಕೆಯು ಸದಾ ಅರೆತೆರೆದಿಡುವುದರಿಂದ ಜಠರದ ಆಮ್ಲ ಮೇಲೇರಿ ಎದೆಯುರಿಯಾಗುವುದುಂಟು. ನಳಿಕೆಯಿದ್ದವನು ಆಳವಾಗಿ ಕೆಮ್ಮಲು ಹಿಂಜರಿಯುತ್ತಾನೆ. ಕಫ ನಿಂತು ನ್ಯುಮೋನಿಯಾಕ್ಕೆ ಎಡೆಯಾಗುತ್ತದೆ. ಇವೆಲ್ಲಕ್ಕಿಂತ ಭಯಂಕರವಾದುದು ನಳಿಕೆ ದಾರಿ ತಪ್ಪುವುದು. ಗಂಟಲಿನಲ್ಲಿ ಅನ್ನದ ದಾರಿ, ಉಸಿರಿನ ದಾರಿ ಎರಡೂ ಅಕ್ಕಪಕ್ಕದಲ್ಲಿವೆ. ಕುರುಡಾಗಿ ತಳ್ಳಿದ ನಳಿಕೆ ಶ್ವಾಸನಾಳಕ್ಕೆ ಇಳಿದು, ಅದನ್ನರಿಯದೆ ಅದರಲ್ಲಿ ಆಹಾರ ಹಾಕಿದರೆ ಶ್ವಾಸಕೋಶಕ್ಕೆ ಗಂಜಿ ಸುರಿದಂತಾಗುತ್ತದೆ. ಸಿರಿಂಜಿನಿಂದ ಗಾಳಿಯೂದಿ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು 'ಬುಸ್' ಸದ್ದು ಕೇಳಿದರೆ ಸಾಕೆಂಬ ಹಳೆಯ ಪದ್ಧತಿ ನಂಬಿಕೆಗೆ ಅರ್ಹವಲ್ಲವೆಂದು ಈಗ ಸಿದ್ಧವಾಗಿದೆ. ನಳಿಕೆ ಶ್ವಾಸಕೋಶದಲ್ಲಿದ್ದರೂ ಆ ಸದ್ದು ಹೊಟ್ಟೆಯ ಮೇಲೆ ಕೇಳಿಸಬಹುದು. ಹೀರಿ ತೆಗೆದ ರಸದ ಆಮ್ಲತೆಯನ್ನು ಕಾಗದದ ಪಟ್ಟಿಯಿಂದ ಪರೀಕ್ಷಿಸಬೇಕು, ಇಲ್ಲವೇ ಎಕ್ಸ್‌ರೇ ತೆಗೆದು ನೋಡಬೇಕು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯವರು 2009ರಲ್ಲಿ ಇಂತಹ ದಾರಿತಪ್ಪಿದ ನಳಿಕೆಯಲ್ಲಿ ಆಹಾರ ಹಾಕುವುದನ್ನು, ಎಂದಿಗೂ ಆಗಕೂಡದ ಅಚಾತುರ್ಯಗಳ ಪಟ್ಟಿಗೆ ಸೇರಿಸಿದರು. ಆಹಾರ ಹಾಕುವ ಮೊದಲು 'ನಳಿಕೆ ಜಠರದಲ್ಲಿಯೇ ಇದೆಯೆಂದು ನೋಡಿಕೊಂಡಿರಾ?' ಎಂದು ವಿನಯದಿಂದ ಕೇಳುವುದು ಮನೆಯವರ ಹಕ್ಕು. ಕೇಳಿದ್ದಕ್ಕೆ ಯಾವ ಒಳ್ಳೆಯ ವೈದ್ಯರೂ ಸಿಡುಕುವುದಿಲ್ಲ.

ರೋಗಿ ನಿದ್ದೆಗಣ್ಣಿನಲ್ಲಿ ತಾನೇ ನಳಿಕೆಯನ್ನು ಕಿತ್ತೆಸೆಯುವುದು ನಿತ್ಯದ ಸಂಗತಿ. ಆಗ ದಾದಿಯರನ್ನು ಕರೆಯಬೇಕೇ ಹೊರತು ಬಂಧುಗಳು ಕೈಹಾಕಬಾರದು. ಅನ್ನನಾಳ ಅಥವಾ ಜಠರದ ಶಸ್ತ್ರಕ್ರಿಯೆಯಾದವರಲ್ಲಿ ನಳಿಕೆ ಹೊಸ ಹೊಲಿಗೆಯನ್ನು ದಾಟಿ ಹೋಗಿರುತ್ತದೆ. ಅದನ್ನು ಕುರುಡಾಗಿ ಮತ್ತೆ ತಳ್ಳಿದರೆ ಹೊಲಿಗೆಯೇ ಬಿಚ್ಚೀತು. ಅಲ್ಲಿ ನಿರ್ಧಾರ ಶಸ್ತ್ರವೈದ್ಯರದೇ.

ಈಗ ಪಾದೋದಕದ ಮಾತಿಗೆ ಬರೋಣ. ನಮ್ಮ ಮನೆಗಳಿಗೆ ಇದು ಬರಿಯ ನೀರಿನ ಪ್ರಶ್ನೆಯಲ್ಲ. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ಅರವತ್ತು ಎಪ್ಪತ್ತು ವರ್ಷ ಪಾದೋದಕವಿಲ್ಲದೆ ಬಾಯಿಗೆ ಅನ್ನವಿಡದ ತಾಯಿಯೊಬ್ಬಳಿಗೆ ಶಸ್ತ್ರಕ್ರಿಯೆಯಾಗಿ ನಾಲ್ಕು ದಿನ ಅದು ತಪ್ಪಿತೆಂದರೆ, ಹೊಟ್ಟೆಯ ನೋವಿಗಿಂತ ಆ ನೋವೇ ಹಿರಿದಾಗಿ ತೋರುತ್ತದೆ. ಮಗಳೋ ಸೊಸೆಯೋ ದಾದಿಯ ಕಣ್ಣು ತಪ್ಪಿಸಿ ಒಂದು ಚಮಚ ಹಾಕಿಬಿಡುತ್ತಾಳೆ. ಒಂದು ಚಮಚ, ಮತ್ತೆ ಬಾಯಾರಿಕೆಗೆಂದು ಇನ್ನೊಂದು, ಸಂಜೆ ನೋಡಲು ಬಂದ ಬೀಗರ ಕೈಯಿಂದ ಎಳನೀರು. ಹೀಗೆ ಬೆಳೆಯುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಇದರಿಂದ ಏನಾಗುತ್ತದೆ? ಮೊದಲನೆಯದಾಗಿ, ಪೂರ್ಣ ಎಚ್ಚರವಿಲ್ಲದವರಿಗೆ ಮಲಗಿದಲ್ಲಿಯೇ ನೀರು ಹಾಕಿದರೆ ಅದು ಉಸಿರಿನ ದಾರಿ ಹಿಡಿಯಬಹುದು. ಎರಡನೆಯದು ಅಷ್ಟಾಗಿ ಯಾರೂ ಅರಿಯದ ಸಂಗತಿ. ಜಠರದಿಂದ ನಳಿಕೆಯ ಮೂಲಕ ರಸ ಹೊರಬರುವಾಗ ಅದರೊಡನೆ ಆಮ್ಲವೂ, ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಲವಣಗಳೂ ಹೊರಟುಹೋಗುತ್ತವೆ. ಕುಡಿದ ನೀರು ಕರುಳಿಗೆ ಇಳಿಯದೆ ಜಠರವನ್ನು ತೊಳೆದು, ಇನ್ನಷ್ಟು ಲವಣವನ್ನು ಹೊತ್ತುಕೊಂಡು ಅದೇ ನಳಿಕೆಯಿಂದ ಹೊರಬೀಳುತ್ತದೆ. ಬಾಯಾರಿಕೆ ತೀರಿತೆಂಬ ಭ್ರಮೆ ಮಾತ್ರ ಉಳಿಯುತ್ತದೆ. ಪೊಟ್ಯಾಸಿಯಂ ಕುಗ್ಗಿದರೆ ಕರುಳಿನ ಸ್ನಾಯುಗಳು ಇನ್ನಷ್ಟು ಸೋಲುತ್ತವೆ. ಕರುಳು ಸೋತರೆ ನಳಿಕೆಯ ದಿನಗಳು ಹೆಚ್ಚುತ್ತವೆ. ನಳಿಕೆ ಹೆಚ್ಚು ದಿನವಿದ್ದರೆ ಪೊಟ್ಯಾಸಿಯಂ ಇನ್ನೂ ಕುಗ್ಗುತ್ತದೆ. ಗಾಣದ ಎತ್ತು ತಿರುಗಿದಂತೆ ಇದು ಸುತ್ತುತ್ತದೆ. ಪೊಟ್ಯಾಸಿಯಂ ಬಹಳ ಇಳಿದರೆ ಹೃದಯದ ಬಡಿತವೂ ತಾಳ ತಪ್ಪುತ್ತದೆ. ದಿನವೂ ಎಷ್ಟು ರಸ ಬಂತೆಂದು ದಾದಿಯರು ಅಳೆದು ಬರೆದಿಡುವುದು ಇದಕ್ಕಾಗಿಯೇ. ಆ ಅಳತೆಯ ಮೇಲೆಯೇ ರಕ್ತನಾಳದ ಮೂಲಕ ಕೊಡುವ ಲವಣದ್ರವದ ಲೆಕ್ಕ. ಗುಟ್ಟಾಗಿ ನೀರು ಕುಡಿಸಿದವರು ಆ ಲೆಕ್ಕವನ್ನೇ ಕೆಡಿಸುತ್ತಾರೆ. ವೈದ್ಯರು ರೋಗದ ಹೆಚ್ಚಳವೆಂದು ಬಗೆದು ಬೇರೆ ಪರೀಕ್ಷೆಗಳಿಗೆ ಓಡುತ್ತಾರೆ.

ಹಾಗಾದರೆ ಭಕ್ತಿಯನ್ನು ಬಿಡಬೇಕೇ? ಬಿಡಬೇಕಿಲ್ಲ. ವೈದ್ಯರನ್ನು ನೇರವಾಗಿ ಕೇಳಿರಿ. ಹಲವು ಶಸ್ತ್ರಕ್ರಿಯೆಗಳಲ್ಲಿ ಈಗ ಮರುದಿನವೇ ಗುಟುಕು ನೀರಿಗೆ ಅಪ್ಪಣೆ ಸಿಗುತ್ತದೆ. ಆ ಮೊದಲ ಗುಟುಕು ಪಾದೋದಕವೇ ಆಗಲಿ. ನೀರನ್ನು ಕಾಯಿಸಿ ಆರಿಸಿ ಅದರಿಂದಲೇ ಲಿಂಗಕ್ಕೆ ಅಭಿಷೇಕ ಮಾಡಿದರೆ ಶುಚಿಯ ಚಿಂತೆಯೂ ಇಲ್ಲ. ಅಪ್ಪಣೆ ಸಿಗದಿದ್ದಲ್ಲಿ ಒದ್ದೆ ಬಟ್ಟೆಯಿಂದ ತುಟಿಯನ್ನು ತೇವಮಾಡಿ, ಕಣ್ಣಿಗೊತ್ತಿಸಿದರೆ ಸಾಕು. ಪಾದೋದಕದ ಫಲವು ಅದರ ಪ್ರಮಾಣದಲ್ಲಿದೆಯೆಂದು ನಮ್ಮ ಯಾವ ಗುರುವೂ ನಮಗೆ ಕಲಿಸಲಿಲ್ಲ. ಇನ್ನು ವೈದ್ಯರ ಕಡೆಗೂ ಒಂದು ಮಾತಿದೆ. ಜಿಲ್ಲಾಕೇಂದ್ರವೊಂದರ ಆಸ್ಪತ್ರೆಯಲ್ಲಿ ಬಾಯಿಂದ ಏನನ್ನೂ ಕೊಡಬಾರದೆಂಬ ಆಜ್ಞೆಯನ್ನು ಇಂಗ್ಲಿಷಿನ ಮೂರು ಅಕ್ಷರಗಳಲ್ಲಿ ಬರೆದು ಮಂಚದ ತಲೆಗೆ ತೂಗುಹಾಕಿದ್ದರು. ಕಾವಲಿಗೆ ಕುಳಿತಿದ್ದ ಅಜ್ಜಿಗೆ ಕನ್ನಡವೇ ಓದಲು ಬಾರದು! ಆಕೆಯ ಕೈಯಲ್ಲಿ ಗಿಂಡಿಯಿತ್ತು. ಆಕೆಯನ್ನು ಬೈದು ಫಲವೇನು?

ನಳಿಕೆ ಹಾಕಿದರೆ ಒಂದು ಬಗೆಯ ಭಯ, ಹಾಕದಿದ್ದರೆ ಇನ್ನೊಂದು ಬಗೆಯದು. 'ಪಕ್ಕದ ಮಂಚದವರಿಗೆ ಹಾಕಿದ್ದಾರೆ, ನಮ್ಮವರಿಗೆ ಹಾಕಿಲ್ಲ, ಅಲಕ್ಷ್ಯ ಮಾಡಿದರೇನೋ' ಎಂದು ಕೆಲವರು ಕೊರಗುತ್ತಾರೆ. ಒಂದು ಕಾಲದಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಕ್ರಿಯೆಯಾದ ಎಲ್ಲರಿಗೂ ಗಾಳಿ ಹೋಗುವ ತನಕ ನಳಿಕೆಯಿಡುವುದು ವಾಡಿಕೆಯಾಗಿತ್ತು. ಆ ವಾಡಿಕೆಯನ್ನು ಪರೀಕ್ಷೆಗೊಡ್ಡಿದ 33 ಅಧ್ಯಯನಗಳನ್ನು, ಒಟ್ಟು 5240 ರೋಗಿಗಳ ವಿವರಗಳನ್ನು 2007ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಬೇರೆಯೇ ಚಿತ್ರ ಕಂಡಿತು. ವಾಡಿಕೆಯಂತೆ ನಳಿಕೆ ಹಾಕಿಸಿಕೊಂಡವರಿಗಿಂತ ಹಾಕಿಸಿಕೊಳ್ಳದವರಲ್ಲಿ ಕರುಳು ಬೇಗ ಎಚ್ಚರಗೊಂಡಿತ್ತು. ಹೊಲಿಗೆ ಸೋರುವುದರಲ್ಲಿ ವ್ಯತ್ಯಾಸವಿರಲಿಲ್ಲ. ವಾಂತಿ ಮತ್ತು ಹೊಟ್ಟೆಯುಬ್ಬರ ಕಂಡವರಿಗೆ ಮಾತ್ರ ನಳಿಕೆ ಹಾಕಿದರೆ ಸಾಕೆಂಬ ವಿವೇಕ ಅಲ್ಲಿಂದ ಬಲಗೊಂಡಿತು. ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ ಎಂಬ ಶಸ್ತ್ರವೈದ್ಯರು 1990ರ ದಶಕದಿಂದಲೇ ಬೇಗ ಎಬ್ಬಿಸುವುದು, ಬೇಗ ನಡೆಸುವುದು, ಬೇಗ ಉಣಿಸುವುದು ಎಂಬ ಕ್ರಮವನ್ನು ಬೋಧಿಸುತ್ತ ಬಂದಿದ್ದರು. ಆದ್ದರಿಂದ ನಳಿಕೆ ಕಾಣದಿದ್ದರೆ ಕೊರಗಬೇಡಿ. ವೈದ್ಯರು ನಡೆಯಲು ಹೇಳಿದಾಗ 'ಅಯ್ಯೋ, ಹೊಲಿಗೆ ಬಿಟ್ಟೀತು' ಎಂದು ರೋಗಿಯನ್ನು ಮಲಗಿಸಿಯೂ ಇಡಬೇಡಿ. ಆದರೆ ಕರುಳಿನ ತಡೆಯಿರುವವರಿಗೆ, ಎಡೆಬಿಡದೆ ವಾಂತಿಯಾಗುವವರಿಗೆ ಆ ನಳಿಕೆ ಇಂದಿಗೂ ಅನಿವಾರ್ಯ; ಅದನ್ನು ಬೇಡವೆಂದು ಹಟ ಹಿಡಿಯುವುದೂ ತಪ್ಪು.

ಜಠರವನ್ನೂ ದಾಟಿ ಕರುಳಿನೊಳಕ್ಕೇ ಇಳಿಯುವ ಉದ್ದನೆಯ ನಳಿಕೆಗಳೂ ಬಂದಿದ್ದವು. ಅಮೆರಿಕದ ಮಿಲ್ಲರ್ ಮತ್ತು ಆ್ಯಬಟ್ ಎಂಬ ವೈದ್ಯರಿಬ್ಬರು 1934ರಲ್ಲಿ ತುದಿಗೆ ಪುಟ್ಟ ಬಲೂನು ಕಟ್ಟಿದ ಇಮ್ಮಡಿ ನಾಳದ ನಳಿಕೆಯನ್ನು ತಂದರು. ಬಲೂನನ್ನು ಆಹಾರದ ತುತ್ತೆಂದು ತಿಳಿದು ಕರುಳು ತಾನೇ ಅದನ್ನು ಕೆಳಕ್ಕೆ ಸಾಗಿಸುತ್ತದೆಂಬುದು ಅದರ ಯುಕ್ತಿ. ಮುಂದೆ ಭಾರಕ್ಕಾಗಿ ತುದಿಯ ಚೀಲದಲ್ಲಿ ಪಾದರಸ ತುಂಬಿದ ಬಗೆಗಳೂ ಬಂದವು. ಯುಕ್ತಿಯೇನೋ ಸೊಗಸು. ಆದರೆ ನಳಿಕೆ ಒಳಗೇ ಗಂಟು ಬೀಳುವುದು, ಬಲೂನು ಉಬ್ಬಿ ತಾನೇ ತಡೆಯಾಗುವುದು, ಚೀಲ ಹರಿದು ಪಾದರಸ ಚೆಲ್ಲುವುದು, ಅವಸರದಿಂದ ಹೊರಗೆಳೆದಾಗ ಅಂಗಿಯ ತೋಳು ಒಳಸೇರಿದಂತೆ ಕರುಳು ಕರುಳಿನೊಳಗೇ ಹೊಕ್ಕುಬಿಡುವುದು ಹೀಗೆ ತೊಡಕುಗಳು ಒಂದೊಂದಾಗಿ ಕಂಡುಬಂದವು. ಜಪಾನಿನಲ್ಲಿ ಉದ್ದ ನಳಿಕೆಗಳ ಬಳಕೆ ಇನ್ನೂ ಇದೆ. ನಮ್ಮಲ್ಲಿ ಅವು ಅಪರೂಪ.

ನಮ್ಮ ಮನೆಗಳಿಗೆ ಬರುವ ನಳಿಕೆ ಬೇರೆಯದು. ಅನ್ನನಾಳದ ಅಥವಾ ಜಠರದ ದೊಡ್ಡ ಶಸ್ತ್ರಕ್ರಿಯೆಯಾದಾಗ, ಬಾಯಿಂದ ಉಣ್ಣಲು ವಾರಗಳೇ ಹಿಡಿಯುವಂತಿದ್ದರೆ, ಹೊಟ್ಟೆಯ ಎಡಭಾಗದಲ್ಲಿ ಸಣ್ಣ ರಂಧ್ರ ಮಾಡಿ ಸಣ್ಣ ಕರುಳಿನ ಮೇಲ್ಭಾಗಕ್ಕೆ ನೇರವಾಗಿ ನಳಿಕೆ ಕೂಡಿಸುತ್ತಾರೆ. ಫೀಡಿಂಗ್ ಜೆಜುನಾಸ್ಟಮಿ ಎಂದು ಅದರ ಹೆಸರು. ಆಸ್ಪತ್ರೆಯ ಆಡುಮಾತಿನಲ್ಲಿ 'ಎಫ್.ಜೆ.' ಈ ನಳಿಕೆಯೊಡನೆಯೇ ರೋಗಿಯನ್ನು ಮನೆಗೆ ಕಳುಹಿಸುವುದರಿಂದ ಅದರ ಪಾಲನೆ ನಮ್ಮ ತಾಯಂದಿರ ಕೈಗೆ ಬೀಳುತ್ತದೆ. ಬೆಳಗಾವಿ, ದಾವಣಗೆರೆ, ಮೈಸೂರುಗಳಲ್ಲಿ ನಮ್ಮವರು ಕಟ್ಟಿದ ವಿದ್ಯಾಸಂಸ್ಥೆಗಳ ವೈದ್ಯಕೀಯ ಕಾಲೇಜುಗಳು 1963ರಿಂದ 1984ರವರೆಗೆ ಒಂದೊಂದಾಗಿ ತೆರೆದು, ಇಂತಹ ಶಸ್ತ್ರಕ್ರಿಯೆಗಳು ಹಳ್ಳಿಗರಿಗೂ ದೊರೆಯುವಂತಾದವು. ಆದರೆ ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ನಳಿಕೆ ಅಡುಗೆಮನೆಯ ಸಂಗತಿಯಾಗುತ್ತದೆ. ಇಲ್ಲಿ ನಾವು ತುಸು ವಿಸ್ತಾರವಾಗಿಯೇ ಬರೆಯುತ್ತೇವೆ.

ಜಠರವೆಂಬುದು ದಾಸೋಹದ ಉಗ್ರಾಣಿಯಂತೆ. ಬಂದುದನ್ನೆಲ್ಲ ಕೂಡಿಟ್ಟುಕೊಂಡು ಕರುಳಿಗೆ ಸ್ವಲ್ಪ ಸ್ವಲ್ಪವಾಗಿ ಕೊಡುವವನು ಅವನು. ಈ ನಳಿಕೆಯಲ್ಲಿ ಉಗ್ರಾಣಿಯೇ ಇಲ್ಲ. ಹಸಿದಿದ್ದಾರೆಂದು ಚೊಂಬುಗಟ್ಟಲೆ ಗಂಜಿಯನ್ನು ಒಂದೇ ಸಲಕ್ಕೆ ಸುರಿದರೆ ಹೊಟ್ಟೆನುಲಿತ, ಬೇಧಿ, ಬೆವರು, ತಲೆಸುತ್ತು ಬರುತ್ತವೆ. ಬೆಲ್ಲದ ಗಟ್ಟಿ ಪಾನಕದಂತಹ ಸಾಂದ್ರ ದ್ರವ ಶರೀರದ ನೀರನ್ನೇ ಕರುಳಿಗೆ ಸೆಳೆದು ಬೇಧಿ ಹೆಚ್ಚಿಸುತ್ತದೆ. ರಕ್ತದೊತ್ತಡ ಕುಸಿದು ದುರ್ಬಲನಾಗಿರುವವನಿಗೆ ಸಾಂದ್ರ ಆಹಾರವನ್ನು ರಭಸದಿಂದ ಕೊಟ್ಟರೆ ಕರುಳಿಗೆ ರಕ್ತ ಸಾಲದೆ ಅದು ಕೊಳೆಯುವ ಅಪಾಯವೂ ಉಂಟು. ಅಪರೂಪವಾದರೂ ಬಂದರೆ ಉಳಿಸುವುದು ಕಷ್ಟ. ಹನಿಹನಿಯಾಗಿ, ವೈದ್ಯರು ಹೇಳಿದ ವೇಗದಲ್ಲಿ, ತಲೆಯ ಕಡೆಯನ್ನು ಎತ್ತರಿಸಿ ಕೂರಿಸಿ ಕೊಡಬೇಕು. ಬಹುದಿನ ಉಪವಾಸವಿದ್ದವರಿಗೆ ಒಮ್ಮೆಲೇ ಪೂರ್ಣ ಆಹಾರ ಕೊಟ್ಟರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯವೆಂಬುದು ಎರಡನೆಯ ಮಹಾಯುದ್ಧದ ಕಾಲದ ಹಸಿದ ಬಂದಿಗಳಲ್ಲಿ ಕಂಡುಬಂದ ಸತ್ಯ. ಪ್ರೀತಿಯಿಂದ ಉಣಿಸುವ ಕೈ ಇಲ್ಲಿ ತಡೆದು ಉಣಿಸಬೇಕು.

ನಮ್ಮ ರಾಗಿಯ ವಿಷಯ. ರಾಗಿ ಗಂಜಿ ಪುಷ್ಟಿಕರವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆರಿದೊಡನೆ ಅದು ಗಟ್ಟಿಯಾಗಿ ನಳಿಕೆಯಲ್ಲಿ ಗೋಡೆ ಕಟ್ಟುತ್ತದೆ. ನುಚ್ಚಿನ ಗಂಜಿಯೂ ಹಾಗೆಯೇ. ತೆಳ್ಳಗೆ ಮಾಡಿ, ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ, ಬೆಚ್ಚಗಿರುವಾಗಲೇ ಕೊಡಬೇಕು. ಬೇಳೆಯ ಕಟ್ಟು, ಸೋಸಿದ ಮಜ್ಜಿಗೆ ಸರಾಗವಾಗಿ ಇಳಿಯುತ್ತವೆ. ಬೆಳಿಗ್ಗೆ ಮಾಡಿದುದನ್ನು ಸಂಜೆಗೆ ಉಳಿಸಬಾರದು; ಜಠರದ ಆಮ್ಲದ ಕಾವಲನ್ನು ದಾಟಿ ಹೋಗುವ ಆಹಾರಕ್ಕೆ ಶುಚಿಯೇ ಕಾವಲು. ಪ್ರತಿ ಸಲ ಆಹಾರಕ್ಕೆ ಮುಂಚೆಯೂ ಆಮೇಲೂ, ಔಷಧದ ಆಮೇಲೂ 20ರಿಂದ 30 ಮಿಲಿಲೀಟರ್ ಕಾಯಿಸಿ ಆರಿಸಿದ ನೀರನ್ನು ನಳಿಕೆಯಲ್ಲಿ ಬಿಡಬೇಕು. ಮಾತ್ರೆಗಳನ್ನು ಹುಡಿಮಾಡಿ ಹಾಕುವ ಮುನ್ನ ಕೇಳಬೇಕು. ನಿಧಾನವಾಗಿ ಕರಗಲೆಂದು ಕವಚ ತೊಡಿಸಿದ ಮಾತ್ರೆಗಳನ್ನು ಪುಡಿಮಾಡಕೂಡದು. ನಳಿಕೆ ಕಟ್ಟಿಕೊಂಡರೆ ದೊಡ್ಡ ಸಿರಿಂಜಿನಲ್ಲಿ ಬೆಚ್ಚನೆಯ ನೀರು ತೆಗೆದುಕೊಂಡು ಮೆಲ್ಲನೆ ಹಿಂದೆ ಮುಂದೆ ಆಡಿಸಿ ನೋಡಬಹುದು. ಚಿಕ್ಕ ಸಿರಿಂಜಿನಲ್ಲಿ ಒತ್ತಡ ಹೆಚ್ಚು, ನಳಿಕೆ ಒಡೆಯಬಹುದು. ತಂತಿ, ಪೊರಕೆಕಡ್ಡಿಗಳನ್ನು ತೂರಿಸುವುದು ಸರ್ವಥಾ ಕೂಡದು. ಬಾಟಲಿಯ ಸೋಡಾ ಪಾನೀಯ ಹಾಕಿದರೆ ಬಿಡುತ್ತದೆಂದು ಯಾರೋ ಹೇಳಿಕೊಟ್ಟಿರುತ್ತಾರೆ. ಅದರ ಹುಳಿಗೆ ಹಾಲಿನಂಶ ಒಡೆದು ಇನ್ನಷ್ಟು ಗಟ್ಟಿಯಾಗುವುದೇ ಹೆಚ್ಚು.

ನಳಿಕೆ ಜಾರಿ ಹೊರಬಂದರೇನು ಗತಿ? ಹೊಟ್ಟೆಯ ಗೋಡೆಯಲ್ಲಿ ಆ ದಾರಿ ಗಟ್ಟಿಯಾಗಲು ವಾರಗಳು ಬೇಕು. ಹೊಸ ದಾರಿ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳತೊಡಗುತ್ತದೆ. ಮನೆಯಲ್ಲಿಯೇ ಅದನ್ನು ಮತ್ತೆ ತಳ್ಳಿದರೆ ಅದು ಕರುಳಿಗೆ ಹೋಗದೆ ಕರುಳಿನ ಹೊರಗಣ ಬಯಲಿಗೆ ಹೋಗಬಹುದು. ಅಲ್ಲಿ ಗಂಜಿ ಬಿದ್ದರೆ ಪ್ರಾಣಾಂತಿಕ ಸೋಂಕು. ರಂಧ್ರದ ಮೇಲೆ ಶುಚಿಯಾದ ಬಟ್ಟೆ ಮುಚ್ಚಿ, ಬಿದ್ದ ನಳಿಕೆಯನ್ನೂ ಕೈಯಲ್ಲಿ ಹಿಡಿದುಕೊಂಡು ಅಂದೇ ಆಸ್ಪತ್ರೆಗೆ ಹೊರಡಬೇಕು. ನಾಳೆ ಅಮಾವಾಸ್ಯೆ, ನಾಡಿದ್ದು ಸೋಮವಾರ ಹೋಗೋಣವೆಂದು ಕಾಯುವಂತಿಲ್ಲ. ನಳಿಕೆಯ ಸುತ್ತ ರಸ ಸೋರಿ ಚರ್ಮ ಬೆಂದಂತೆ ಕೆಂಪಾಗುವುದು ಸಾಮಾನ್ಯ. ಕರುಳಿನ ರಸ ಚರ್ಮವನ್ನೇ ಜೀರ್ಣಿಸುತ್ತದೆ. ಅಲ್ಲಿ ಅರಿಶಿನವನ್ನಾಗಲಿ, ಭಕ್ತಿಯಿಂದ ವಿಭೂತಿಯನ್ನಾಗಲಿ ಹಚ್ಚಬೇಡಿ. ವಿಭೂತಿಯ ಸ್ಥಾನ ಹಣೆ. ಗಾಯಕ್ಕೆ ಅದು ಹೊರಗಿನ ಧೂಳೇ ಸರಿ. ತುದಿಯಲ್ಲಿ ಬಲೂನಿರುವ ನಳಿಕೆ ಹಾಕಿದ್ದರೆ, ಅದು ಅತಿಯಾಗಿ ಉಬ್ಬಿದಾಗ ಕರುಳಿನ ದಾರಿಯನ್ನೇ ಮುಚ್ಚಬಹುದು. ನಳಿಕೆಯ ತುದಿಯ ಬಳಿ ಕರುಳು ಕರುಳಿನೊಳಗೆ ಹೊಕ್ಕುವುದು, ಹೊಟ್ಟೆಯ ಗೋಡೆಗೆ ಹೊಲಿದ ಜಾಗದ ಸುತ್ತ ಕರುಳು ತಿರುಚಿಕೊಳ್ಳುವುದು ಇವೂ ಕಂಡಿವೆ. ಆಹಾರ ಹಾಕಿದಾಗಲೆಲ್ಲ ಬಿಟ್ಟು ಬಿಟ್ಟು ಬರುವ ತೀವ್ರ ನೋವು, ಹಸಿರು ವಾಂತಿ, ಹೊಟ್ಟೆಯುಬ್ಬರ, ಮಲ ಮತ್ತು ಗಾಳಿ ಎರಡೂ ನಿಲ್ಲುವುದು ಕಂಡರೆ ಆಹಾರ ನಿಲ್ಲಿಸಿ ಕೂಡಲೇ ಧಾವಿಸಬೇಕು. ಶಸ್ತ್ರಕ್ರಿಯೆಯಾದ ವಾರದ ಆಸುಪಾಸಿನಲ್ಲಿ ಜ್ವರ, ನಾಡಿಯ ಓಟ, ಹೆಚ್ಚುವ ಹೊಟ್ಟೆನೋವು ಬಂದರೆ ಒಳಹೊಲಿಗೆ ಸೋರುತ್ತಿರಬಹುದು. ಪಕ್ಕೆಯಲ್ಲಿಟ್ಟ ಡ್ರೇನ್ ನಳಿಕೆಯ ನಸುಗೆಂಪು ನೀರು ಹಸಿರಿಗೋ ಮಲದ ಬಣ್ಣಕ್ಕೋ ತಿರುಗಿದರೆ ಅದೂ ಅದೇ ಸೂಚನೆ.

ಲಿಂಗದ ಮಾತು ಉಳಿಯಿತು. ಶಸ್ತ್ರಕ್ರಿಯಾ ಕೋಣೆಗೆ ಹೋಗುವ ಮುನ್ನ ಲೋಹದ ವಸ್ತುಗಳನ್ನು ತೆಗೆಯಿಸುತ್ತಾರೆ. ವಿದ್ಯುತ್ತಿನಿಂದ ರಕ್ತ ನಿಲ್ಲಿಸುವ ಉಪಕರಣ ಬಳಸುವಾಗ ಮೈಮೇಲಿನ ಲೋಹ ಸುಡುವ ಅಪಾಯವಿರುವುದರಿಂದ ಬೆಳ್ಳಿಯ ಕರಡಿಗೆಗೂ ಆ ನಿಯಮ ಅನ್ವಯಿಸುತ್ತದೆ. ಲಿಂಗವನ್ನು ಕ್ಷಣವೂ ಅಗಲಬಾರದೆಂಬ ನಿಷ್ಠೆಯನ್ನು ನಾವು ಗೌರವಿಸುತ್ತೇವೆ. ಆದರೆ ಮನೆಯ ಲಿಂಗವಂತರೊಬ್ಬರು ಅದನ್ನು ತಮ್ಮ ಅಂಗದ ಮೇಲೆ ಧರಿಸಿಕೊಂಡು, ಎಚ್ಚರವಾದೊಡನೆ ಮರಳಿ ಧರಿಸಿದರೆ ನಿಷ್ಠೆಗೆ ಊನವಿಲ್ಲವೆಂಬುದು ನಮ್ಮ ಅಭಿಪ್ರಾಯ. ಲೋಹವಿಲ್ಲದ ವಸ್ತ್ರದಲ್ಲಿ ಸುತ್ತಿ ತೋಳಿಗೆ ಕಟ್ಟಲು ಅನುಮತಿಯಿದೆಯೇ ಎಂದು ಹಿಂದಿನ ದಿನವೇ ಕೇಳುವುದು ಲೇಸು. ಕಡೆಯ ಗಳಿಗೆಯ ವಾದ ಯಾರಿಗೂ ಹಿತವಲ್ಲ. ಮರಳಿ ಧರಿಸುವಾಗ ಶಿವದಾರವನ್ನು ಗಿಡ್ಡಮಾಡಿ ಕರಡಿಗೆ ಎದೆಯ ಮೇಲೆಯೇ ನಿಲ್ಲುವಂತೆ ಕಟ್ಟಬೇಕು. ಉದ್ದ ದಾರ ಹೊಟ್ಟೆಗೆ ಇಳಿದು ನಳಿಕೆಗೆ ಸಿಕ್ಕಿಕೊಂಡು, ಮಗ್ಗುಲಾದಾಗ ಎರಡೂ ಎಳೆದಾಡುತ್ತವೆ.

ನಳಿಕೆ, ರಸ, ಚೀಲ ಇವೆಲ್ಲ ಇರುವಾಗ ಮೈ ಅಶುಚಿ, ಪೂಜೆ ಹೇಗೆ ಎಂದು ಕೇಳುವವರಿಗೆ ನಮ್ಮ ಉತ್ತರ ಚಿಕ್ಕದು. ಜಾತಿ, ಜನನ, ಮರಣ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನೇ ಒಲ್ಲೆನೆಂದ ಧರ್ಮಕ್ಕೆ ಆರನೆಯದೊಂದು ನಳಿಕೆಯ ಸೂತಕವನ್ನು ಸೇರಿಸಲು ನಾವಾರು? ಕೈತೊಳೆದು, ಕುಳಿತಲ್ಲಿಯೇ, ಕುಳಿತುಕೊಳ್ಳಲಾರದವರು ಮಲಗಿದಲ್ಲಿಯೇ ಕರಸ್ಥಲದಲ್ಲಿ ಲಿಂಗವನ್ನಿರಿಸಿಕೊಳ್ಳಬಹುದು. ನಳಿಕೆಯಿಂದ ಹೋಗುವ ಗಂಜಿಯೂ ಲಿಂಗಕ್ಕೆ ತೋರಿ ಅರ್ಪಿಸಿದ ಮೇಲೆ ಪ್ರಸಾದವೇ. ಮನೆಯವರು ಉಣ್ಣಲು ಕುಳಿತಾಗ ಅವರನ್ನು ಒಳಕೋಣೆಯಲ್ಲಿ ಒಂಟಿಯಾಗಿ ಬಿಡದೆ ಪಂಕ್ತಿಯ ಪಕ್ಕದಲ್ಲೊಂದು ಕುರ್ಚಿ ಹಾಕಿ ಕೂರಿಸಿರಿ.

ಬಾಯಿಂದ ಉಣ್ಣುವುದು ನೆಲೆಗೊಂಡ ಮೇಲೆ ಈ ನಳಿಕೆಯನ್ನು ತೆಗೆಯಲು ಮತ್ತೊಂದು ಶಸ್ತ್ರಕ್ರಿಯೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹೊಲಿಗೆ ಬಿಚ್ಚಿ ವೈದ್ಯರು ಮೆಲ್ಲನೆ ಎಳೆದು ತೆಗೆಯುತ್ತಾರೆ. ಒಂದೆರಡು ದಿನ ಸ್ವಲ್ಪ ತೇವ ಕಾಣಬಹುದು. ಬಟ್ಟೆ ಬದಲಿಸುತ್ತಿದ್ದರೆ ರಂಧ್ರ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ವಾರ ಕಳೆದರೂ ಸೋರುವುದು ನಿಲ್ಲದಿದ್ದರೆ ತೋರಿಸಬೇಕು. ಇನ್ನೂ ಅಗತ್ಯವಿರುವಾಗಲೇ 'ಸಾಕಿನ್ನು, ಮಗಳ ಮದುವೆಗೆ ಇದನ್ನಿಟ್ಟುಕೊಂಡು ಹೇಗೆ ನಿಲ್ಲಲಿ' ಎಂದು ಅವಸರಿಸುವವರಿದ್ದಾರೆ. ನಳಿಕೆಯನ್ನು ಮಡಚಿ, ಬಟ್ಟೆಯ ಪಟ್ಟಿಯಲ್ಲಿ ಹೊಟ್ಟೆಗೆ ಒತ್ತಿ ಕಟ್ಟಿದರೆ ಅಂಗಿಯ ಕೆಳಗೆ ಅದು ಯಾರಿಗೂ ಕಾಣುವುದಿಲ್ಲ. ಅಕ್ಷತೆ ಹಾಕಲು ಕೈಯೆತ್ತುವಾಗಲೂ ಅಡ್ಡಿಯಾಗದು.